ರೊಟ್ಟಿ ಬಡಿಯುವಾಗ ಹಾಡುವ ಹಾಡು

ನಾವು ಸ್ಟೌಫ್‌ವಿಲ್‌ನಲ್ಲಿ ಮನೆ ತೆಗೆದುಕೊಂಡ ಹೊಸದರಲ್ಲಿ ನಮ್ಮ ಬೀದಿಗೆ ಇನ್ನೂ ಹುಲ್ಲು ಬಂದಿರಲಿಲ್ಲ. ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಸಾಲಾಗಿ ನಿಂತಿದ್ದವು, ಮುಂದೆ ಅಂಗಳದ ತುಂಬ ಕೆಸರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು, ನಾವು ಪರದೇಶಕ್ಕೆ ಬಂದು ನೆಲೆಸುತ್ತಿದ್ದ ಹೊಸದು. ನಾನೂ ನನ್ನ ಗಂಡನೂ ಸಾಫ್ಟ್‌ವೇರಿನವರು. ಬೆಳಿಗ್ಗೆ ಟ್ರೇನು ಹಿಡಿದು ಕೆಲಸಕ್ಕೆಂದು ಪಟ್ಟಣದ ಯೂನಿಯನ್ ಸ್ಟೇಷನ್ನಿಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಅತ್ತೆ ಒಬ್ಬರೇ.

ಅತ್ತೆ ಹುಬ್ಬಳ್ಳಿಯವರು. ಅಲ್ಲಿನ ಕನ್ನಡ ಶಾಲೆಯೊಂದರಲ್ಲಿ ಪ್ರಾಯವೆಲ್ಲ ಟೀಚರಾಗಿದ್ದು, ನಿವೃತ್ತಿಯಾದ ಮೇಲೆ ನಮ್ಮ ಜೊತೆಗೇ ಬಂದು ನೆಲೆಸಿದ್ದರು. ಬಂದ ವಾರದಲ್ಲೇ ಪಕ್ಕದ ಮನೆಯ ಇಟಾಲಿಯನ್ ಅಜ್ಜಿಯ ಜೊತೆ ಬೇಲಿಯ ಮೇಲಿಂದ ಬದನೆಕಾಯಿ ಬದಲಾಯಿಸಿಕೊಳ್ಳುವಷ್ಟು ಸ್ನೇಹ ಬೆಳೆಸಿದ್ದರು. ಇಬ್ಬರ ಇಂಗ್ಲಿಷನ್ನು ಒಟ್ಟು ಮಾಡಿದರೂ ಒಂದು ವಾಕ್ಯವಾಗುತ್ತಿರಲಿಲ್ಲ. ಆದರೂ ಆ ಅಜ್ಜಿಯ ಸೊಸೆ ಎಷ್ಟು ಹೊತ್ತಿಗೆ ಏಳುತ್ತಾಳೆ ಎನ್ನುವುದು ಅತ್ತೆಗೆ ಗೊತ್ತಿತ್ತು. ನಾನು ಎಷ್ಟು ಹೊತ್ತಿಗೆ ಏಳುತ್ತೇನೆ ಎನ್ನುವುದು ಆ ಅಜ್ಜಿಗೂ ಗೊತ್ತಿತ್ತೆಂದು ನನಗೆ ಗುಮಾನಿ.

ಅತ್ತೆಯನ್ನು ಹೊರಗೆ ಕರೆದುಕೊಂಡು ಹೋಗಲೆಂದು ನಾವೊಂದು ಹಳೆಯ ವ್ಯಾನು ಕೊಂಡೆವು. ಅದರ ರೇಡಿಯೋ ಕೆಟ್ಟಿತ್ತು. ಟೇಪು ಮಾತ್ರ ಓಡುತ್ತಿತ್ತು. ಮೊದಲ ದಿನ ಒಳಗೆ ಗುಡಿಸುವಾಗ ಸೀಟಿನ ಕೆಳಗೆ ಒಂದು ಕ್ಯಾಸೆಟ್ಟು ಸಿಕ್ಕಿತು. ಕವರಿನ ಮೇಲೆ ದನದ ಕೊಟ್ಟಿಗೆಯ ಬೇಲಿ ಹತ್ತಿ ಕೂತ ಒಬ್ಬ ಆಸಾಮಿ. ತಲೆಗೆ ಅಗಲವಾದ ಟೋಪಿ, ಮೊಣಕಾಲಲ್ಲಿ ಹರಿದ ಜೀನ್ಸು, ತೊಡೆಯ ಮೇಲೆ ಎಲೆಕ್ಟ್ರಿಕ್ ಗಿಟಾರು. ಅದರ ವಯರು ಒಂದು ಹಸುವಿನ ಕಾಲ ಕೆಳಗೆ ಹಾದು ಎಲ್ಲಿಗೋ ಹೋಗಿತ್ತು. ಹೆಸರು ನಾನೆಂದೂ ಕೇಳಿರಲಿಲ್ಲ. ಇಲ್ಲೇ ಯಾವುದೋ ಸಣ್ಣ ಊರಿನ ಹುಡುಗರು ತಮ್ಮ ಪಾಡಿಗೆ ತಾವು ಮಾಡಿಕೊಂಡ ಕ್ಯಾಸೆಟ್ಟಿರಬೇಕು ಅಂದುಕೊಂಡೆ.

ನಾನು ಬೆಂಗಳೂರಿನ ಹುಡುಗಿ. ನಾವು ಕಾಲೇಜಿನಲ್ಲಿದ್ದಾಗ ರಾಕ್ ಸಂಗೀತ ಕೇಳುವವರದ್ದೇ ಒಂದು ಪಂಗಡ. ಗೋಡೆಯ ತುಂಬ ಉದ್ದ ಕೂದಲಿನವರ ಪೋಸ್ಟರು, ಕೈಯಲ್ಲಿ ಯಾರದೋ ಅಣ್ಣ ವಿದೇಶದಿಂದ ತಂದ ಕ್ಯಾಸೆಟ್ಟು. ಕಂಟ್ರಿ ಸಂಗೀತವೆಂದರೆ ನಮಗೆ ತಾತ್ಸಾರ. ಕುದುರೆ ಸತ್ತಿತೆಂದು ಮೂಗಿನಲ್ಲಿ ಅಳುವವರ ಹಾಡು ಎಂದು ನಗುತ್ತಿದ್ದೆವು. ಹಾಗಾಗಿ ಈ ಕ್ಯಾಸೆಟ್ಟನ್ನೂ ಎರಡು ನಿಮಿಷ ನಕ್ಕು ಎಸೆಯೋಣವೆಂದೇ ಹಾಕಿದ್ದು.

ಮೊದಲ ಹಾಡು ಪಿಟೀಲಿನಿಂದ ಶುರುವಾಯಿತು. ಸಂಜೆ ದನ ಮನೆಗೆ ಬರುವಷ್ಟೇ ನಿಧಾನ. ಆಮೇಲೆ ಆ ಮೂಗಿನ ದನಿ. ನಾನು ನಗಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಧಡಾರನೆ ಡ್ರಮ್ಮು ಬಿತ್ತು. ಅದರ ಹಿಂದೆಯೇ ಗಿಟಾರು, ನನ್ನ ಕಾಲೇಜಿನ ಗೋಡೆಯ ಮೇಲಿದ್ದವರು ನುಡಿಸುತ್ತಿದ್ದಂಥದ್ದೇ ಒರಟು ಗಿಟಾರು. ಪಿಟೀಲು ಓಡಿಹೋಗಲಿಲ್ಲ. ಅದೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತಿತು. ಹಾಡು ಮುಗಿದಾಗ ನಾನು ವ್ಯಾನನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿಕೊಂಡು, ಇನ್ನೊಮ್ಮೆ ಕೇಳಲೆಂದು ಟೇಪನ್ನು ಹಿಂದಕ್ಕೆ ತಿರುಗಿಸುತ್ತಿದ್ದೆ.

ಅತ್ತೆಗೆ ಈ ಹಾಡಿನ ಗೀಳು ಹತ್ತಿದ್ದು ಜೋಳದ ಹಿಟ್ಟಿನಿಂದ. ಒಳ್ಳೆಯ ಜೋಳದ ಹಿಟ್ಟು ಆಗ ನಮಗೆ ಸಿಗುತ್ತಿದ್ದದ್ದು ರೆಕ್ಸ್‌ಡೇಲಿನ ಒಂದು ಗುಜರಾತಿ ಅಂಗಡಿಯಲ್ಲಿ. ಶನಿವಾರ ನಾನೂ ಅತ್ತೆಯೂ ಹೊರಟರೆ ಹೋಗಿಬರುವಷ್ಟರಲ್ಲಿ ಕ್ಯಾಸೆಟ್ಟು ಎರಡೂ ಕಡೆ ತಿರುಗಿರುತ್ತಿತ್ತು. ಮೊದಲ ಸಲ ಅತ್ತೆ ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕೂತಿದ್ದರು. ದಾರಿಯಲ್ಲಿ ವಾನ್ ಎಂಬ ಊರಿನ ಗೋಡೌನುಗಳ ಹತ್ತಿರ ಬರುವಾಗ ಕೇಳಿದರು.

"ಅಲ್ಲವಾ, ಈ ಮನಷ್ಯಾ ಯಾಕ ಇಷ್ಟ ಒದರಾಕತ್ತಾನ? ಏನಾಗೇತಿ ಇಂವಗ?"

"ಹೆಂಡ್ತಿ ಬಿಟ್ಟು ಹೋಗಿದಾಳೆ ಅತ್ತೆ. ಅವನ ಟ್ರಕ್ ತಗೊಂಡು ಹೋಗ್ಬಿಟ್ಟಿದಾಳೆ. ನಾಯೀನೂ ಕರ್ಕೊಂಡು ಹೋಗಿದಾಳೆ."

"ಟ್ರಕ್ ಆಕೀನ ಹೊಡಕೊಂಡು ಹೋದ್ಲೇನು?"

"ಹೂಂ."

"ಗಟ್ಟಿ ಹೆಣ್ಮಗಳು" ಎಂದರು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ, "ಮತ್ತ ಇಂವಾ ಏನ್ ಮಾಡಾಕತ್ತಾನ?"

"ಕಟ್ಟೆ ಮೇಲೆ ಕೂತ್ಕೊಂಡು ಕಾಯ್ತಿದಾನೆ."

"ಅಡಗಿ ಮಾಡ್ಕೊಳ್ಳಾಕ ಬರೂದಿಲ್ಲ, ಅದಕ್ಕ ಅಳಾಕತ್ತಾನ."

ಇದು ಯಾವ ತರದ ಸಂಗೀತವೆಂದು ಕೇಳಿದರು. ಕಂಟ್ರಿ ಅಂದೆ. ಹಾಗೆಂದರೇನು ಎಂದರು. ಹಳ್ಳಿ ಕಡೆಯ ಹಾಡು ಅಂತ ಅತ್ತೆ, ಅದಕ್ಕೆ ಇವರು ಪೇಟೆಯ ಡ್ರಮ್ಮು ಸೇರಿಸಿದ್ದಾರೆ ಅಂದೆ. ಈ ವಿವರಣೆಯನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆಂದು ಆಗ ನನಗೆ ಗೊತ್ತಾಗಲಿಲ್ಲ.

ಮುಂದಿನ ವಾರ ನಾನು ಮನೆಗೆ ಬಂದಾಗ ಅಡುಗೆಮನೆಯಿಂದ ಆ ಡ್ರಮ್ಮು ಕೇಳಿಸಿತು. ಹೋಗಿ ನೋಡಿದರೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಎರಡು ಪೆಟ್ಟು ಭಾರ, ಒಂದು ಹಗುರ, ಮತ್ತೆ ತಿರುಗಿಸುವಾಗ ಒಂದು ಎಳೆತ. ಹಾಡಿನ ಡ್ರಮ್ಮೇ ಅದು, ಏನೂ ವ್ಯತ್ಯಾಸವಿಲ್ಲ. ಅದರ ಮೇಲೆ ಆ ಟೋಪಿಯವನ ಧಾಟಿಯಲ್ಲೇ ಹಾಡು, ಆದರೆ ಮಾತು ಹುಬ್ಬಳ್ಳಿಯದು, ಹಾಡುತ್ತಿರುವವಳು ಬಿಟ್ಟುಹೋದ ಹೆಂಡತಿ!

ಚಕ್ಕಡಿ ಹೂಡಿಕೊಂಡು ಹೊಂಟೇನಿ ನಾ, ಹೊಂಟೇನಿ
ನಾಯೀನೂ ಜೋಡಿ ಕರಕೊಂಡು
ಕಟ್ಟೀಯ ಮ್ಯಾಲ ಕುಂತ ಗಂಡಸ, ಕೂಗಬ್ಯಾಡ
ಹಿಟ್ಟೈತಿ ಡಬರ್‍ಯಾಗ, ಬಡಕೋ ನೀನು

"ಅತ್ತೇ!" ಎಂದೆ.

"ಯಾಕ? ಅಂವಾ ಒಬ್ಬಾವನ ಹೇಳಿದ್ರ ಆತೇನು? ಆಕಿ ಕಥಿ ಯಾರ ಹೇಳ್ಬೇಕು?" ಎಂದು ಹಂಚಿನ ಮೇಲೆ ರೊಟ್ಟಿ ಹಾಕಿದರು. ಆವತ್ತಿನಿಂದ ನಮ್ಮ ಮನೆಯಲ್ಲಿ ರೊಟ್ಟಿಯಾಗುವ ದಿನ ಈ ಹಾಡು ಇದ್ದೇ ಇರುತ್ತಿತ್ತು. ನಾನು ಹಿಂದಿನಿಂದ ಗಿಟಾರಿನ ಸದ್ದನ್ನು ಬಾಯಲ್ಲಿ ಮಾಡುತ್ತಿದ್ದೆ. ನನ್ನ ಗಂಡ ಬೇಸ್‌ಮೆಂಟಿಗೆ ಇಳಿದುಹೋಗುತ್ತಿದ್ದ.

ಇನ್ನು ಇಲ್ಲಿನ ನಮ್ಮ ಕನ್ನಡ ಸಂಘದ ವಿಷಯ. ಸಂಘದ ಸಾಂಸ್ಕೃತಿಕ ಸಮಿತಿಗೆ ಹಿರಿಯರೊಬ್ಬರು ಅಧ್ಯಕ್ಷರು. ಮೈಸೂರಿನವರು, ನಮಗಿಂತ ಎಷ್ಟೋ ಮೊದಲೇ ಬಂದು, ಇಲ್ಲಿ ಕಲ್ಲು ಮಣ್ಣಿನ ಶಾಸ್ತ್ರ ಕಲಿಸಿ ನಿವೃತ್ತರಾದವರು. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದೆವು. ಕನ್ನಡವೆಂದರೆ ಪ್ರಾಣ. ಮಾತಿನ ನಡುವೆ ಇಂಗ್ಲಿಷ್ ಬೆರೆಸಿದವರನ್ನು ನಡುವೆಯೇ ತಡೆದು ತಿದ್ದುತ್ತಿದ್ದರು. ಅವರ ಎದುರು 'ಪಾರ್ಕಿಂಗ್' ಅನ್ನಲು ಹೆದರಿ ನಾನೊಮ್ಮೆ 'ಕಾರು ನಿಲ್ಲಿಸೋ ಜಾಗ ಎಲ್ಲಿದೆ ಸಾರ್' ಎಂದು ಕೇಳಿ, 'ಕಾರು ಕನ್ನಡವೇನಮ್ಮಾ?' ಎಂದು ಕೇಳಿಸಿಕೊಂಡಿದ್ದೆ. ಆ ವರ್ಷ ರಾಜ್ಯೋತ್ಸವಕ್ಕೆ ಅವರು ಸಿನಿಮಾ ಹಾಡುಗಳನ್ನು ಪೂರ್ತಿ ನಿಷೇಧಿಸಿದರು. ಅಪ್ಪಟ ಜಾನಪದ ಮಾತ್ರ, ಅದೂ ಯಾರೂ ಕೇಳಿರದಂಥದ್ದು ಬೇಕು ಎಂದರು.

ಉತ್ತರ ಕರ್ನಾಟಕದ ಹೆಂಗಸರ ಪರವಾಗಿ ಒಂದು ಹಾಡು ಕೊಡಿ ಎಂದು ಮೇಷ್ಟ್ರಿಂದ ಅತ್ತೆಗೆ ಫೋನು ಬಂತು. ಅತ್ತೆ ಅಡುಗೆಮನೆಯ ಫೋನಿನಲ್ಲೇ ಚಕ್ಕಡಿಯ ಹಾಡನ್ನು ಹಾಡಿಬಿಟ್ಟರು, ಒಂದು ಕೈಯಲ್ಲಿ ಕಟ್ಟೆಯ ಮೇಲೆ ತಾಳ ಬಡಿಯುತ್ತ. ನಾನು ಕೈ ಅಡ್ಡ ಆಡಿಸಿ ಬೇಡ ಬೇಡ ಎಂದೆ. ಅವರು ಬೆನ್ನು ತಿರುಗಿಸಿ ನಿಂತರು. ಸ್ಪೀಕರಿನ ಗುಂಡಿಯನ್ನೂ ಒತ್ತಿದರು, ನಾನೂ ಕೇಳಲಿ ಎಂದೇ ಇರಬೇಕು.

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಮೇಷ್ಟ್ರ ಗದ್ಗದ ದನಿ.

"ಅಮ್ಮಾ, ಇದನ್ನ ನೀವು ಯಾವ ಸಂದರ್ಭದಲ್ಲಿ ಹಾಡೋದು?"

"ರೊಟ್ಟಿ ಬಡಿಯೂಮುಂದರಿ ಸರ್. ನಮ್ಮ ಮನ್ಯಾಗ."

"ಆಹಾ! ಯಾರು ಕಲಿಸಿದ್ದು ನಿಮಗೆ?"

"ಯಾರೂ ಕಲಿಸಿಲ್ಲರಿ. ಕೇಳಿ ಕೇಳಿ ಬಂದದ್ದು."

"ನೋಡಿ, ನೋಡಿ, ಇದೇ ಬೇಕಾಗಿದ್ದದ್ದು! ಇದನ್ನ ಕಟ್ಟಿದವರು ಯಾರು ಅಂತ ಏನಾದ್ರೂ..."

"ಹೆಸರು ನೆನಪಿಲ್ಲ ನೋಡ್ರಿ. ಹಳ್ಳಿ ಕಡೆಯವ್ರು. ಹಳ್ಳಿ ಕಡೆ ಹಾಡು ಅಂತನ ಇದಕ್ಕ ಅಂತಾರ."

ಫೋನು ಇಟ್ಟ ಮೇಲೆ ನಾನು ಸೊಂಟದ ಮೇಲೆ ಕೈ ಇಟ್ಟು ನಿಂತೆ. ಅತ್ತೆ ಬಲು ಶಾಂತವಾಗಿ ಕೊತ್ತಂಬರಿ ಬಿಡಿಸಲು ಕೂತರು.

"ಇದ್ರಾಗ ನಾ ಯಾವ ಮಾತು ಸುಳ್ಳ ಹೇಳೇನಿ, ಒಂದು ತೋರ್ಸು" ಎಂದರು.

ತೋರಿಸಲು ಆಗಲಿಲ್ಲ. ನನಗೆ ಹೊಟ್ಟೆಯೊಳಗೆ ನಗು ಉಕ್ಕುತ್ತಿತ್ತು, ಅದನ್ನು ಹಿಡಿದುಕೊಂಡು ಸಿಟ್ಟಿನ ಮುಖ ಮಾಡುವುದೂ ಆಗಲಿಲ್ಲ. ನನ್ನ ಗಂಡ ಮಾತ್ರ ನಿಜವಾಗಿಯೇ ಹೆದರಿದ. "ಅವ್ವಾ, ನಾಳೆ ಯಾರಿಗರ ಗೊತ್ತಾದ್ರ ನಾ ಸಂಘಕ್ಕ ಹೆಂಗ ಮುಖ ತೋರ್ಸಲಿ?" ಎಂದ. ಅವನು ಆ ವರ್ಷ ಊಟದ ಸಮಿತಿಯಲ್ಲಿದ್ದ. "ನೀ ಪಲಾವ್ ನೋಡ್ಕೋ ಹೋಗು" ಎಂದರು ಅವರು.

ತಾಲೀಮು ನಮ್ಮ ಬೇಸ್‌ಮೆಂಟಿನಲ್ಲೇ ನಡೆಯಿತು. ಧಾರವಾಡ, ಗದಗಿನ ಕಡೆಯ ಕೆಲವು ಹೆಂಗಸರು ಬಂದರು. ಅತ್ತೆ ಎಲ್ಲರಿಗೂ ಒಂದೊಂದು ಮಣೆ ಕೊಟ್ಟು, ಗೋಧಿ ಹಿಟ್ಟಿನ ಮುದ್ದೆ ಕೊಟ್ಟು, ತಾಳಕ್ಕೆ ಬಡಿಯಲು ಹಚ್ಚಿದರು. ಜೋಳದ ಹಿಟ್ಟನ್ನು ತಾಲೀಮಿಗೆ ಹಾಳುಮಾಡಲು ಅವರಿಗೆ ಮನಸ್ಸಿರಲಿಲ್ಲ. ಅವರಲ್ಲೊಬ್ಬಾಕೆ, "ಅಕ್ಕಾರ, ಈ ಹಾಡು ನಮ್ಮ ಅಜ್ಜಿನೂ ಹಾಡ್ತಿದ್ಲು ಅನಸ್ತೈತ್ರಿ" ಎಂದಾಗ ನಾನು ನೀರು ಕುಡಿಯುವ ನೆಪದಲ್ಲಿ ಮೇಲಕ್ಕೆ ಓಡಬೇಕಾಯಿತು.

ರಾಜ್ಯೋತ್ಸವದ ದಿನ ಒಂದು ಹೈಸ್ಕೂಲಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಹಿರಿಯರು, ನಡುವೆ ನಮ್ಮಂಥವರು, ಹಿಂದಿನ ಸಾಲುಗಳಲ್ಲಿ ಇಲ್ಲೇ ಹುಟ್ಟಿ ಬೆಳೆದ ಮಕ್ಕಳು. ಒತ್ತಾಯಕ್ಕೆ ಜುಬ್ಬಾ, ಲಂಗ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಜಾರಿ ಕೂತಿದ್ದವು. ಮೇಷ್ಟ್ರು ಮೈಕಿನ ಮುಂದೆ ನಿಂತು ಪೀಠಿಕೆ ಹಾಕಿದರು. ಈ ರೊಟ್ಟಿಯ ಪದದ ತಾಳದಲ್ಲಿ ಹಿಂದಿನ ಕಾಲದ ದಂಡಿನ ಕುದುರೆಗಳ ಗೊರಸಿನ ಸದ್ದು ಅಡಗಿದೆ ಎಂದರು. ಗಂಡನ ಮನೆ ಬಿಟ್ಟು ಹೊರಟ ಹೆಣ್ಣಿನ ಜೊತೆ ನಾಯಿ ಹೋಗುವುದರಲ್ಲಿ ಧರ್ಮರಾಯನ ಸ್ವರ್ಗಾರೋಹಣದ ಛಾಯೆ ಇದೆ ಎಂದರು. ನನ್ನ ಜೊತೆ ಪಕ್ಕದ ತೆರೆಯ ಮರೆಯಲ್ಲಿ ನಿಂತಿದ್ದ ಅತ್ತೆ ನನ್ನ ಕಡೆ ಹುಬ್ಬು ಏರಿಸಿ, "ಇದನ್ನ ನಾ ಹೇಳಿಲ್ಲ ಮತ್ತ" ಎಂದು ಪಿಸುಗುಟ್ಟಿದರು.

ಪರದೆ ಸರಿಯಿತು. ಇಳಕಲ್ಲು ಸೀರೆಯುಟ್ಟು ಸಾಲಾಗಿ ಕೂತ ಹೆಂಗಸರು, ಮುಂದೆ ಮಣೆಗಳು. ಅತ್ತೆ ಮೊದಲ ಸಾಲನ್ನು ನಿಧಾನವಾಗಿ, ಪಿಟೀಲಿನ ಹಾಗೆ ಎಳೆದರು. ಆಮೇಲೆ ಎಲ್ಲರ ಕೈಯೂ ಒಟ್ಟಿಗೆ ಬಿತ್ತು. ಧಡ್ ಧಡ್ ಟಪ್. ಮಣೆಗಳ ಕೆಳಗೆ ಮೈಕು ಇಟ್ಟಿದ್ದರಿಂದ ಸಭಾಂಗಣವೇ ಅದುರಿತು.

ಎರಡನೇ ಚರಣದ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಏನೋ ಸಂಚಲನ. ಜಾರಿ ಕೂತಿದ್ದ ಹುಡುಗರು ನೆಟ್ಟಗಾದರು. ಒಬ್ಬಳು ಪಕ್ಕದವಳ ತೋಳು ಹಿಡಿದು ಅಲ್ಲಾಡಿಸಿದಳು. 'ಹೊಂಟೇನಿ ನಾ, ಹೊಂಟೇನಿ' ಎಂಬ ಪಲ್ಲವಿ ಬಂದಾಗ ಹಿಂದಿನ ಸಾಲುಗಳು ಎದ್ದು ನಿಂತು, ಕೈ ಮೇಲೆತ್ತಿ, ಅದೇ ಪಲ್ಲವಿಯನ್ನು ಇಂಗ್ಲಿಷಿನಲ್ಲಿ ಒಕ್ಕೊರಲಿನಿಂದ ಹಾಡತೊಡಗಿದವು.

ನಾನು ತೆರೆಯ ಹಿಂದಕ್ಕೆ ಎರಡು ಹೆಜ್ಜೆ ಸರಿದೆ. ಯಾರಿಗೂ ಗೊತ್ತಿಲ್ಲದ ಸಣ್ಣ ಊರಿನ ಕ್ಯಾಸೆಟ್ಟೆಂದು ನಾನು ನಂಬಿದ್ದೆನಲ್ಲ, ಆ ಹಾಡು ಆ ಚಳಿಗಾಲದಲ್ಲಿ ಇಲ್ಲಿನ ರೇಡಿಯೋಗಳಲ್ಲೆಲ್ಲ ಮೊಳಗುತ್ತಿತ್ತಂತೆ. ನಮ್ಮ ವ್ಯಾನಿನ ರೇಡಿಯೋ ಕೆಟ್ಟಿದ್ದರಿಂದ ನಮಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಅತ್ತೆ ಒಂದು ಕ್ಷಣ ತಲೆಯೆತ್ತಿ ಹಿಂದಿನ ಸಾಲು ನೋಡಿದರು. ಹಾಡು ನಿಲ್ಲಿಸಲಿಲ್ಲ. ತಾಳವನ್ನು ಇನ್ನಷ್ಟು ಜೋರು ಮಾಡಿ, ಕೈಸನ್ನೆಯಿಂದ ಮಕ್ಕಳನ್ನು ಹುರಿದುಂಬಿಸಿದರು.

ಹಾಡು ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಮೇಷ್ಟ್ರು ಮತ್ತೆ ಮೈಕಿಗೆ ಬಂದರು. ಕಣ್ಣು ಒದ್ದೆಯಾಗಿತ್ತು.

"ನೋಡಿದ್ರಾ? ನಮ್ಮ ಮಕ್ಕಳಿಗೆ ಕನ್ನಡ ಬರೋಲ್ಲ, ಬರೋಲ್ಲ ಅಂತ ಅಳ್ತೀರಿ. ಕೂತಲ್ಲೇ ಅರ್ಥ ಮಾಡ್ಕೊಂಡು ಇಂಗ್ಲಿಷಿಗೆ ಭಾಷಾಂತರ ಮಾಡಿ ಹಾಡಿದವಲ್ಲ! ಜಾನಪದದ ಶಕ್ತಿ ಅಂದ್ರೆ ಇದು. ಅಮ್ಮಾ, ಇನ್ನೊಂದು ಸಲ!"

ಇನ್ನೊಂದು ಸಲವೂ ಆಯಿತು. ಊಟದ ಸಾಲಿನಲ್ಲಿ ಒಂದು ಹುಡುಗಿ ತನ್ನ ತಾಯಿಗೆ, ಅಮ್ಮಾ ಅದು ರೇಡಿಯೋದ ಹಾಡು, ಆಣೆಗೂ, ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. "ನಿಂಗೆ ಎಲ್ಲಾನೂ ನಿನ್ ರೇಡಿಯೋದ್ದೇ. ಪಲ್ಯ ಹಾಕ್ಕೋ" ಎಂದಳು ತಾಯಿ. ಪಲಾವಿನ ಪಾತ್ರೆಯ ಹಿಂದೆ ನಿಂತಿದ್ದ ನನ್ನ ಗಂಡ ಆ ಹುಡುಗಿಯ ತಟ್ಟೆಗೆ ಎರಡು ಜಾಮೂನು ಜಾಸ್ತಿ ಹಾಕಿದ.

ಆಮೇಲೆ ಕೆಲವು ತಿಂಗಳು ಎಲ್ಲ ಸುಖವಾಗಿತ್ತು. ಮೇಷ್ಟ್ರು ಹೋದಲ್ಲೆಲ್ಲ ರೊಟ್ಟಿಯ ಪದದ ವಿಷಯ ಮಾತಾಡಿದರು. ಅತ್ತೆಗೆ ಸಂಕ್ರಾಂತಿಗೆ ಹಾಡಲು ಕರೆ ಬಂತು, ಯುಗಾದಿಗೂ ಬಂತು. ಮಕ್ಕಳಿಗಂತೂ ಅತ್ತೆ ದೊಡ್ಡ ತಾರೆ. ಯಾರೋ ಹುಡುಗ ಅವರನ್ನು ಕೂಲ್ ಅಜ್ಜಿ ಅಂದನಂತೆ. "ಕೂಲ್ ಅಂದ್ರ ಥಂಡಿ ಅಲ್ಲೇನು?" ಎಂದು ನನ್ನನ್ನು ಕೇಳಿ, ಅರ್ಥ ತಿಳಿದ ಮೇಲೆ ಒಂದು ದಿನವಿಡೀ ಖುಷಿಯಾಗಿದ್ದರು.

ಒಂದು ಶನಿವಾರ ಬೆಳಿಗ್ಗೆ ಬಾಗಿಲ ಗಂಟೆ ಒಂದೇ ಸಮನೆ ಬಾರಿಸಿತು. ತೆರೆದರೆ ಮೇಷ್ಟ್ರು. ಹಿಂದೆ ಅವರ ಕಾರು ಓರೆಯಾಗಿ ನಿಂತಿತ್ತು. ನನ್ನ ಕಣ್ಣು ಅವರ ತಲೆಯ ಮೇಲೆ ನಿಂತಿತು. ಬಲಗಡೆ ನೀಟಾಗಿ ಕತ್ತರಿಸಿದೆ. ಎಡಗಡೆ ಕೂದಲು ಕಿವಿಯ ಮೇಲೆ ಹಾಗೇ ಇಳಿಬಿದ್ದಿದೆ.

"ಎಲ್ಲಿ ಅವರು?" ಎಂದರು.

ಅತ್ತೆ ಅಡುಗೆಮನೆಯಲ್ಲಿದ್ದರು. ಮೇಷ್ಟ್ರು ನೇರ ಅಲ್ಲಿಗೇ ಹೋಗಿ ಮೇಜಿನ ಮೇಲೆ ಒಂದು ಹೊಸ ಸೀಡಿ ಇಟ್ಟರು. ಬೇಲಿ, ಟೋಪಿ, ಗಿಟಾರು, ಹಸು. ನನ್ನ ಗಂಡ ಅದನ್ನು ಒಮ್ಮೆ ನೋಡಿ ಬೇಸ್‌ಮೆಂಟಿಗೆ ಹೋದ.

"ಹಾಕಮ್ಮಾ ಇದನ್ನ" ಎಂದು ನನಗೆ ಹೇಳಿದರು. ಹಾಕಿದೆ. ಪಿಟೀಲು ಬಂತು, ಮೂಗಿನ ದನಿ ಬಂತು, ಡ್ರಮ್ಮು ಬಿತ್ತು. ಅತ್ತೆ ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತು, ಮೊದಲ ಸಲ ಕೇಳುವವರಂತೆ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಭಾಳ ಛಲೋ ಹಾಡ್ತಾನ್ರಿ" ಎಂದರು ಕಡೆಗೆ.

"ಅಮ್ಮಾ! ಇದು ನಿಮ್ಮ ಹಾಡು!"

"ಹೌದಲ್ರಿ. ಭಾಳ ಕಡೆ ಹಬ್ಬೇತಿ ನೋಡ್ರಿ."

ಮೇಷ್ಟ್ರು ಕೂತುಬಿಟ್ಟರು. ಬೆವರುತ್ತಿದ್ದರು. ನಾನು ನೀರು ಕೊಟ್ಟೆ. ಕುಡಿದು ಲೋಟ ಇಟ್ಟು, ನಡೆದದ್ದನ್ನು ಹೇಳಿದರು. ಕ್ಷೌರಕ್ಕೆ ಹೋಗಿದ್ದರಂತೆ. ಅಂಗಡಿಯ ರೇಡಿಯೋದಲ್ಲಿ ಈ ಹಾಡು ಬಂತಂತೆ. ಕುರ್ಚಿಯಿಂದ ಎದ್ದು ನಿಂತು, ಇದು ನಮ್ಮ ನಾಡಿನ ಹಾಡು, ರೊಟ್ಟಿ ಬಡಿಯುವ ಹೆಂಗಸರ ಹಾಡು, ಇವರು ಕದ್ದಿದ್ದಾರೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರಂತೆ. ಕುದುರೆಯ ಗೊರಸಿನ ವಿಷಯವನ್ನೂ ವಿವರಿಸಿದರಂತೆ. ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಕೇಳಿ, ಇರಬಹುದು ಸಾರ್, ಆದರೆ ಇದನ್ನು ಬರೆದವನು ನನ್ನ ಹೆಂಡತಿಯ ಊರಿನವನು, ಅವನ ಹೆಂಡತಿ ಟ್ರಕ್ಕು ತೆಗೆದುಕೊಂಡು ಹೋದದ್ದು ಊರಿಗೆಲ್ಲ ಗೊತ್ತು, ಆ ನಾಯಿಯನ್ನು ನಾನೇ ನೋಡಿದ್ದೇನೆ ಎಂದನಂತೆ. ಮೇಷ್ಟ್ರು ಅರ್ಧ ತಲೆಯಲ್ಲೇ ಎದ್ದು ಹೋಗಿ ಸೀಡಿ ಕೊಂಡು ನೇರ ಇಲ್ಲಿಗೆ ಬಂದಿದ್ದರು.

"ಆ ನಾಯೀನ ಅವನು ನೋಡಿದಾನೆ ಅಮ್ಮಾ!" ಎಂದರು ಮೇಷ್ಟ್ರು. "ನಾನು ಸಭೇಲಿ ಧರ್ಮರಾಯನ ನಾಯಿ ಅಂದಿದೀನಿ!"

ಇಷ್ಟು ಹೊತ್ತು ಹಿಡಿದಿಟ್ಟುಕೊಂಡಿದ್ದ ನಗು ನನ್ನ ಮೂಗಿನಿಂದ ಹೊರಬಂತು. ಗಾಬರಿಯಾಗಿ ಬಾಯಿಗೆ ಸೆರಗು ಹುಡುಕಿದರೆ ನಾನು ಹಾಕಿದ್ದದ್ದು ಟೀ ಶರ್ಟು. ಅತ್ತೆ ಮಾತ್ರ ನಗಲಿಲ್ಲ. ಎದ್ದು ತಟ್ಟೆಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಒಂದು ಉಂಡೆ ಬೆಣ್ಣೆ ಹಾಕಿ ಮೇಷ್ಟ್ರ ಮುಂದಿಟ್ಟರು.

"ಮೊದಲ ಉಣ್ರಿ ಸರ್. ಸಿಟ್ಟು ಆಮ್ಯಾಲ ಮಾಡೂಣು."

ಮೇಷ್ಟ್ರು ಉಣ್ಣುವುದಿಲ್ಲವೆಂದರು. ಆಮೇಲೆ ರೊಟ್ಟಿಯ ಅಂಚು ಮುರಿದರು. ಎರಡನೇ ರೊಟ್ಟಿಗೆ ಬರುವಷ್ಟರಲ್ಲಿ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅಳುವಲ್ಲ, ನಗು. ಬಾಯಿತುಂಬ ರೊಟ್ಟಿ ಇಟ್ಟುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಸುರಿಯುವಂತೆ ನಗುತ್ತಿದ್ದರು.

"ಮಕ್ಕಳು... ಭಾಷಾಂತರ..." ಎಂದಷ್ಟೇ ಹೇಳಲಾಯಿತು. ಅತ್ತೆಯೂ ಆಗ ಶುರುವಾದರು. ಬೇಸ್‌ಮೆಂಟಿನ ಮೆಟ್ಟಿಲಿನಿಂದ ನನ್ನ ಗಂಡನ ತಲೆ ಕಾಣಿಸಿ, ಎಲ್ಲ ಕ್ಷೇಮವೆಂದು ಖಾತ್ರಿಯಾದ ಮೇಲೆ ಪೂರ್ತಿ ಆಳು ಮೇಲೆ ಬಂತು.

ಹೊರಡುವಾಗ ಮೇಷ್ಟ್ರು ನಮ್ಮಿಂದ ಮಾತು ತೆಗೆದುಕೊಂಡರು. ಸಂಘದಲ್ಲಿ ಯಾರಿಗೂ ತಿಳಿಯಬಾರದು. ಆಯಿತೆಂದೆವು. ತಲೆಯ ಇನ್ನೊಂದು ಅರ್ಧವನ್ನು ಏನು ಮಾಡುತ್ತೀರಿ ಎಂದು ಅತ್ತೆ ಕೇಳಿದರು. ಅದೇ ಅಂಗಡಿಗೆ ಹೋಗಿ ಅವನ ಕ್ಷಮೆ ಕೇಳಬೇಕು, ಹಾಗೇ ಆ ಗಾಯಕ ಎಲ್ಲಾದರೂ ಕಾರ್ಯಕ್ರಮ ಕೊಡುತ್ತಾನೋ ವಿಚಾರಿಸುತ್ತೇನೆ ಎಂದರು. ಸೀಡಿಯನ್ನು ಮರೆಯದೆ ಕೈಯಲ್ಲಿ ಹಿಡಿದುಕೊಂಡೇ ಹೋದರು.

ಆಮೇಲಿನದನ್ನು ನಮಗೆ ಹೇಳಿದ್ದು ಅವರ ಹೆಂಡತಿ. ಮೇಷ್ಟ್ರು ಮನೆಯ ಮುಂದೆ ಕಾರಿನೊಳಗೆ ಕೂತು, ಗಾಜು ಏರಿಸಿಕೊಂಡು ಸೀಡಿ ಕೇಳುತ್ತಿರುತ್ತಾರಂತೆ. ಊಟಕ್ಕೆ ಕರೆದರೆ ಬೆರಳೆತ್ತಿ ಇನ್ನೊಂದೇ ಹಾಡು ಎನ್ನುತ್ತಾರಂತೆ. ಮುಂದಿನ ರಾಜ್ಯೋತ್ಸವ ಹತ್ತಿರ ಬಂದಾಗ ಅವರೇ ನಮ್ಮ ಮನೆಗೆ ಬಂದು, ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ಆರನೇ ಹಾಡು ಕೇಳಿದೀರಾ?" ಎಂದರು.

ಆರನೆಯದು ಬಾರಿನಲ್ಲಿ ಕೂತು ಕುಡಿಯುತ್ತ ಅಳುವವನ ಹಾಡು. ಮೇಷ್ಟ್ರು ಅದನ್ನು ಹಳೇ ಮೈಸೂರಿನ ಪದವಾಗಿ ಮಾಡಿಕೊಂಡು ಬಂದಿದ್ದರು. ಕುಡಿತವನ್ನು ವೇದಿಕೆಗೆ ತರಲು ಅವರಿಗೆ ಸಂಕೋಚ. ಹಾಗಾಗಿ ಅವರ ನಾಯಕ ಕಾಫಿ ಕುಡಿದು ಅಳುತ್ತಿದ್ದ.

"ಕಾಫಿ ಎಲ್ಲಿ ಜಾನಪದ ಆತ್ರಿ ಸರ್? ಸಿಕ್ಕಿಬೀಳ್ತೀರಿ" ಎಂದರು ಅತ್ತೆ.

"ಹಾಗಾದ್ರೆ ಮಜ್ಜಿಗೆ ಮಾಡ್ಲಾ?"

"ಮಜ್ಜಿಗಿ ಕುಡುದು ಯಾರರ ಅಳ್ತಾರೇನ್ರಿ?"

"ನಮ್ಮ ಕಡೆ ಅಳ್ತಾರೆ ಅಂತೀನಿ. ಯಾರು ಕೇಳೋಕೆ ಬರ್ತಾರೆ?"

ಈ ಜಗಳ ಎರಡು ವಾರ ನಡೆದು ಮಜ್ಜಿಗೆಯೇ ಗೆದ್ದಿತು. ಪಂಚೆಯುಟ್ಟು, ತಲೆಗೆ ಟವೆಲು ಸುತ್ತಿಕೊಂಡು, ಕೈಯಲ್ಲಿ ಹಿತ್ತಾಳೆ ಚೊಂಬು ಹಿಡಿದು ಮೇಷ್ಟ್ರು ವೇದಿಕೆಯ ಮೇಲೆ ನಿಂತು ಹಾಡಿದರು. ದನಿ ಸುಮಾರಾಗಿತ್ತು, ಅಳು ಮಾತ್ರ ಬಹಳ ಚೆನ್ನಾಗಿ ಬಂತು. ಹಿಂದಿನ ಸಾಲಿನ ಮಕ್ಕಳು ಕಾದು ಕೂತವರಂತೆ ಎದ್ದು ನಿಂತವು. ಈ ಸಲ ಅವು ಆ ಗುಟ್ಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಸಂಘದ ಕಾರ್ಯಕ್ರಮಕ್ಕೆ ತಾವಾಗಿ ಬರತೊಡಗಿದ್ದು ಆ ವರ್ಷದಿಂದಲೇ. ತಾಯಂದಿರು ಮೇಷ್ಟ್ರಿಗೆ ಕೈ ಮುಗಿದರು. ಮೇಷ್ಟ್ರು ನಮ್ಮ ಕಡೆ ನೋಡಲಿಲ್ಲ.

ಮಾರನೇ ವರ್ಷ ಶರತ್ಕಾಲದಲ್ಲಿ ಕ್ಷೌರಿಕನಿಂದ ಸುದ್ದಿ ಬಂತು. ಉತ್ತರಕ್ಕಿರುವ ಒಂದು ಊರಿನ ಕೃಷಿಮೇಳದಲ್ಲಿ ಆ ತಂಡ ಹಾಡುತ್ತಿತ್ತು. ಮೇಷ್ಟ್ರು, ಅವರ ಹೆಂಡತಿ, ಅತ್ತೆ, ನಾನು, ನಾಲ್ವರೂ ವ್ಯಾನಿನಲ್ಲಿ ಹೋದೆವು. ಮಧ್ಯಾಹ್ನದ ಬಿಸಿಲು, ಕುಂಬಳಕಾಯಿಯ ರಾಶಿ, ತೊಳೆದು ಬಾಚಿದ ಹಸುಗಳು. ಅತ್ತೆ ಒಂದೊಂದು ಹಸುವಿನ ಕೆಚ್ಚಲು ನೋಡಿ ಮಾರ್ಕು ಕೊಡುತ್ತ ಬಂದರು.

ವೇದಿಕೆಯ ಮುಂದೆ ಹುಲ್ಲಿನ ಪೆಂಡಿಗಳನ್ನೇ ಆಸನ ಮಾಡಿದ್ದರು. ಟೋಪಿಯವನು ಕವರಿನಲ್ಲಿ ಕಂಡದ್ದಕ್ಕಿಂತ ದಪ್ಪಗಿದ್ದ. ಡ್ರಮ್ಮು ಶುರುವಾದದ್ದೇ ಮೇಷ್ಟ್ರ ಹೆಂಡತಿ ಕಿವಿಗೆ ಹತ್ತಿ ತುರುಕಿಕೊಂಡರು. ಅತ್ತೆ ಮೊದಲ ಹಾಡಿಗೇ ಎದ್ದು ನಿಂತು ಚಕ್ಕಡಿಯ ಹಾಡನ್ನು ಕನ್ನಡದಲ್ಲೇ ಗಟ್ಟಿಯಾಗಿ ಹಾಡಿದರು. ಪಕ್ಕದ ಪೆಂಡಿಯ ಮೇಲಿದ್ದ ಬೃಹದಾಕಾರದ ರೈತನೊಬ್ಬ ತನ್ನ ಟೋಪಿ ತೆಗೆದು ಕಿವಿ ಕೊಟ್ಟು ಕೇಳಿದ. ಹಾಡು ಮುಗಿದ ಮೇಲೆ, ಅಮ್ಮ ಏನು ಹಾಡಿದರು ಎಂದು ವಿನಯದಿಂದ ವಿಚಾರಿಸಿದ.

ಮೇಷ್ಟ್ರು ಅರ್ಥ ಹೇಳಿದರು. ಇಷ್ಟು ವರ್ಷದಲ್ಲಿ ಅವರು ಒಂದೂ ಕನ್ನಡ ಪದ ಬೆರೆಸದೆ ಅಷ್ಟು ಹೊತ್ತು ಇಂಗ್ಲಿಷ್ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಂಡತಿ ಹಿಟ್ಟು ತೋರಿಸಿ ನೀನೇ ಬಡಿದುಕೋ ಎಂದು ಹೋಗುತ್ತಾಳೆ ಎಂಬಲ್ಲಿಗೆ ಬಂದಾಗ ರೈತ ತೊಡೆ ತಟ್ಟಿ ನಕ್ಕು, ಪಕ್ಕದಲ್ಲಿದ್ದ ತನ್ನ ಹೆಂಡತಿಗೆ ಹೇಳಿದ. ಅವಳು ನಗಲಿಲ್ಲ. ಅತ್ತೆಯ ಕಡೆ ನೋಡಿ ಗಂಭೀರವಾಗಿ ತಲೆದೂಗಿದಳು.

ರೈತ ಎದ್ದು ಹೋಗಿ ನಮಗೆಲ್ಲ ಬೇಯಿಸಿದ ಮೆಕ್ಕೆಜೋಳದ ತೆನೆ ತಂದುಕೊಟ್ಟ. ಅತ್ತೆ ಅದನ್ನು ಒಮ್ಮೆ ಕಚ್ಚಿ, "ಸಪ್ಪಗೈತಿ" ಎಂದು ಕೈಚೀಲದಿಂದ ಕೆಂಪು ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದರು. ತಮ್ಮದಕ್ಕೆ ಉದುರಿಸಿಕೊಂಡು, ಆ ಗಂಡಹೆಂಡತಿಯ ತೆನೆಗಳಿಗೂ ಧಾರಾಳವಾಗಿ ಉದುರಿಸಿದರು. ಅಷ್ಟು ಬೇಡ ಎಂದು ನಾನು ಹೇಳುವಷ್ಟರಲ್ಲಿ ರೈತ ಕಚ್ಚಿ ಆಗಿತ್ತು. ಅವನ ಮುಖ ನಿಧಾನವಾಗಿ ಕೆಂಪೇರಿತು, ಕಣ್ಣಿನಿಂದ ನೀರು ಇಳಿಯಿತು. ಅವನ ಹೆಂಡತಿ ಮಾತ್ರ ಏನೂ ಆಗದವಳಂತೆ ತೆನೆಯನ್ನು ಪೂರ್ತಿ ತಿಂದು ಮುಗಿಸಿ, ಡಬ್ಬಿಯ ಕಡೆಗೆ ಕೈ ಚಾಚಿದಳು.